ಸಮ್ಮೇಳನಕ್ಕೆ ಟಿಕೆಟ್ ತೆಗೆಯುವ ಮುನ್ನ: ಸಣ್ಣ ವೆಬ್ ಹೋಸ್ಟಿಂಗ್ ನಡೆಸುವವರಿಗೆ

ಗೋವಾದ ಝುವಾರಿನಗರದಲ್ಲಿ ಗೊಬ್ಬರದ ಕಾರ್ಖಾನೆ ಇದೆ, 2004ರಲ್ಲಿ ಶುರುವಾದ ಬಿಟ್ಸ್ ಪಿಲಾನಿಯ ಕ್ಯಾಂಪಸ್ ಇದೆ, ಸುತ್ತಮುತ್ತ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ನೆಲೆನಿಂತ ಕನ್ನಡಿಗರ ಮನೆಗಳಿವೆ. ತಂದೆಯ ಕಾಲಕ್ಕೆ ದುಡಿಮೆ ಎಂದರೆ ಗೌಂಡಿ ಕೆಲಸ, ಲೋಡಿಂಗ್, ಗುತ್ತಿಗೆಯ ಕೂಲಿ. ಮಕ್ಕಳ ಕಾಲಕ್ಕೆ ಅದರ ಜೊತೆಗೆ ಕಂಪ್ಯೂಟರೂ ಬಂದಿದೆ. ವಾಸ್ಕೋದ ಬಟ್ಟೆ ಅಂಗಡಿಗೆ, ಬಾಡಿಗೆ ಕಾರಿನವರಿಗೆ, ಬೋಗ್ಮಾಳೊ ಕಡೆಯ ಸಣ್ಣ ಗೆಸ್ಟ್‌ಹೌಸಿಗೆ ವೆಬ್‌ಸೈಟ್ ಮಾಡಿಕೊಟ್ಟು, ಅದನ್ನು ವರ್ಷವಿಡೀ ಇಂಟರ್ನೆಟ್ಟಿನಲ್ಲಿ ಚಾಲ್ತಿಯಲ್ಲಿಡುವ ಹೊಣೆಯನ್ನೂ ಹೊತ್ತು ವಾರ್ಷಿಕ ಶುಲ್ಕ ಪಡೆಯುವುದು ಒಂದು ಲ್ಯಾಪ್‌ಟಾಪ್, ಒಂದಿಷ್ಟು ತಾಳ್ಮೆ ಇದ್ದವರ ಕೈಗೆಟಕುವ ವ್ಯವಹಾರ. ನೀವು ಅದನ್ನು ಈಗಷ್ಟೇ ಶುರುಮಾಡಿದ್ದರೆ, ಅಥವಾ ಮಾಡಬೇಕೆಂದು ಯೋಚಿಸುತ್ತಿದ್ದರೆ, ಈ ಬರಹ ನಿಮಗಾಗಿ.

ಈ ಕೆಲಸ ಕಲಿಯಲು ಬರುವವರು ಆರು ತಿಂಗಳು ಕಳೆಯುವಷ್ಟರಲ್ಲಿ ಕೇಳುವ ಪ್ರಶ್ನೆ ಒಂದುಂಟು: 'ಸರ್, ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕಾನ್ಫರೆನ್ಸ್ ಇದೆಯಂತೆ, ಹೋಗಲೇನು?' ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಿ. ಆದರೆ 'ಹೋಸ್ಟಿಂಗ್' ಎಂಬ ಹೆಸರು ಹೊತ್ತ ಸಮ್ಮೇಳನಕ್ಕೆ ಎಲ್ಲಕ್ಕಿಂತ ಕೊನೆಗೆ ಹೋಗಿ. ಇದೇಕೆ ಹೀಗೆ ಎಂದು ತಿಳಿಯಬೇಕಾದರೆ ನಿಮ್ಮ ವ್ಯವಹಾರದಲ್ಲಿ ನೀವು ನಿಂತಿರುವ ಜಾಗ ಯಾವುದೆಂಬುದು ಮೊದಲು ಸ್ಪಷ್ಟವಾಗಬೇಕು. ಬುಡದಿಂದ ಬರೋಣ.

ವೆಬ್‌ಸೈಟ್ ಎಂದರೆ ಕಡತಗಳ ಒಂದು ಕಟ್ಟು. ಅಕ್ಷರ, ಚಿತ್ರ, ಒಂದಿಷ್ಟು ಪ್ರೋಗ್ರಾಂ. ಆ ಕಟ್ಟನ್ನು ಹಗಲೂ ರಾತ್ರಿ ಚಾಲೂ ಇರುವ, ಇಂಟರ್ನೆಟ್ಟಿಗೆ ಸದಾ ಜೋಡಿಸಿರುವ ಕಂಪ್ಯೂಟರಿನಲ್ಲಿ ಇಡಬೇಕು. ಆ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಸಾವಿರಾರು ಸರ್ವರುಗಳನ್ನು ಒಟ್ಟಿಗೆ ಇಟ್ಟು ಕರೆಂಟು, ತಂಪು, ಕಾವಲು ಎಲ್ಲವನ್ನೂ ನೋಡಿಕೊಳ್ಳುವ ಕಟ್ಟಡವೇ ಡೇಟಾ ಸೆಂಟರ್. ಝುವಾರಿನಗರದಲ್ಲಿ ಬಾಡಿಗೆ ಕೋಣೆಗಳ ವ್ಯವಸ್ಥೆಯನ್ನು ನೀವು ಕಂಡಿದ್ದೀರಿ. ಜಾಗದ ಮಾಲೀಕನೊಬ್ಬ. ಅವನಿಂದ ಇಡೀ ಸಾಲನ್ನು ಹಿಡಿದು, ಒಂದೊಂದೇ ಕೋಣೆಯನ್ನು ಸಂಸಾರಗಳಿಗೆ ಕೊಡುವವನು ಇನ್ನೊಬ್ಬ. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಬಂದು ಬಡಿಯುವುದು ಆ ಎರಡನೆಯವನ ಮನೆಯ ಬಾಗಿಲನ್ನೇ, ಮಾಲೀಕನದ್ದನ್ನಲ್ಲ. ನೀವು ಆ ಎರಡನೆಯವರು. ದೊಡ್ಡ ಕಂಪನಿಯಿಂದ ಸರ್ವರನ್ನೋ ಅದರ ಒಂದು ಪಾಲನ್ನೋ ಬಾಡಿಗೆಗೆ ಪಡೆದು, ಹಂಚಿ, ಗಿರಾಕಿಗಳಿಗೆ ಕೊಡುತ್ತೀರಿ. ಇದಕ್ಕೆ ರೀಸೆಲ್ಲರ್ ಹೋಸ್ಟಿಂಗ್ ಎಂದು ಹೆಸರು. ಜಗತ್ತಿನ ಸಣ್ಣ ಹೋಸ್ಟಿಂಗ್ ವ್ಯವಹಾರಗಳಲ್ಲಿ ಬಹುಪಾಲು ಇದೇ ಬಗೆಯವು.

ಇನ್ನೊಂದು ಪದ ಗೊತ್ತಿರಲಿ: ಕಂಟ್ರೋಲ್ ಪ್ಯಾನೆಲ್. ಸರ್ವರಿಗೆ ಆದೇಶಗಳನ್ನು ಬೆರಳಚ್ಚಿಸಿ ಕೆಲಸ ಮಾಡಿಸುವುದು ಎಲ್ಲರಿಗೂ ಬರುವುದಿಲ್ಲ. ಹೊಸ ಇಮೇಲ್ ಖಾತೆ ತೆರೆಯುವುದು, ಪಾಸ್‌ವರ್ಡ್ ಬದಲಿಸುವುದು, ಬ್ಯಾಕಪ್ ತೆಗೆಯುವುದು, ಅಂದರೆ ಕಡತಗಳ ನಕಲನ್ನು ಬೇರೆಡೆ ಎತ್ತಿಡುವುದು, ಇವನ್ನೆಲ್ಲ ಗುಂಡಿ ಒತ್ತಿ ಮಾಡುವಂತೆ ಒಂದು ತಂತ್ರಾಂಶ ಅನುಕೂಲ ಮಾಡಿಕೊಡುತ್ತದೆ. ಅದೇ ಕಂಟ್ರೋಲ್ ಪ್ಯಾನೆಲ್. ಸಿಪ್ಯಾನೆಲ್ ಎಂಬುದು ಇದರಲ್ಲಿ ಬಹಳ ಹೆಸರಾದದ್ದು.

ಈ ಸಿಪ್ಯಾನೆಲ್ಲಿನ ಕಥೆಯಲ್ಲಿ ನಿಮ್ಮ ಸ್ಥಾನ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅನೇಕ ವರ್ಷಗಳ ಕಾಲ ಸಿಪ್ಯಾನೆಲ್ಲಿನ ಲೈಸೆನ್ಸ್ ಶುಲ್ಕ ಸರ್ವರಿಗಿಷ್ಟು ಎಂದಿತ್ತು. ಒಂದೇ ಸರ್ವರಿನಲ್ಲಿ ಇಪ್ಪತ್ತು ಗಿರಾಕಿಗಳಿದ್ದರೂ ಅಷ್ಟೇ, ನಾನೂರು ಇದ್ದರೂ ಅಷ್ಟೇ. ಸಣ್ಣವರ ಲೆಕ್ಕವೆಲ್ಲ ಇದರ ಮೇಲೆ ನಿಂತಿತ್ತು: ಒಂದೇ ಸರ್ವರಿನಲ್ಲಿ ಎಷ್ಟು ಹೆಚ್ಚು ಜನರನ್ನು ಕೂರಿಸಿದರೆ ಅಷ್ಟು ಲಾಭ. 2018ರಲ್ಲಿ ಓಕ್ಲಿ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಸಿಪ್ಯಾನೆಲ್ಲನ್ನು ಕೊಂಡಿತು. ಪ್ರತಿಸ್ಪರ್ಧಿಯಾಗಿದ್ದ ಪ್ಲೆಸ್ಕ್ ಅದಾಗಲೇ ಅದರ ಕೈಯಲ್ಲಿತ್ತು. 2019ರ ಜೂನ್ ಕೊನೆಗೆ ಹೊಸ ದರ ಪ್ರಕಟವಾಯಿತು: ಇನ್ನು ಮುಂದೆ ಖಾತೆಗಿಷ್ಟು. ನೂರು ಖಾತೆ ದಾಟಿದರೆ ಪ್ರತಿ ಹೆಚ್ಚುವರಿ ಖಾತೆಗೂ ತಿಂಗಳಿಗೆ 20 ಸೆಂಟ್. ಕೇಳಲು ಅಲ್ಪ ಮೊತ್ತ. ಆದರೆ ನಾನೂರು ಖಾತೆ ಇದ್ದವನಿಗೆ ತಿಂಗಳಿಗೆ 60 ಡಾಲರ್ ಹೊಸ ಹೊರೆ. ಗಿರಾಕಿಗಳಿಂದ ಆತ ವರ್ಷದ ಹಣವನ್ನು ಹಳೆಯ ದರದಲ್ಲಿ ಆಗಲೇ ಪಡೆದುಬಿಟ್ಟಿರುತ್ತಾನೆ! ಕೆಲವರು ಹೊರೆಯನ್ನು ನುಂಗಿಕೊಂಡರು, ಕೆಲವರು ಗಿರಾಕಿಗಳ ಮೇಲೆ ಹಾಕಿದರು, ಇನ್ನು ಕೆಲವರು ಡೈರೆಕ್ಟ್‌ಅಡ್ಮಿನ್‌ನಂಥ ಬೇರೆ ಪ್ಯಾನೆಲ್ಲಿಗೆ ಹೋದರು. ಹಾಗೆ ಹೋಗುವುದೆಂದರೆ ನೂರಾರು ವೆಬ್‌ಸೈಟುಗಳನ್ನೂ ಇಮೇಲ್ ಪೆಟ್ಟಿಗೆಗಳನ್ನೂ ಯಾವುದೂ ಕಳೆಯದಂತೆ ಸಾಗಿಸುವುದು. ಕೈಪಿಡಿ ಓದಿ ಅದನ್ನು ಮಾಡಬಹುದು. ಆದರೆ ಮೊನ್ನೆ ತಾನೇ ಮಾಡಿ ಮುಗಿಸಿದವರೊಬ್ಬರು ಫೋನಿನಲ್ಲಿ ಸಿಕ್ಕರೆ ಆ ಕೆಲಸವೇ ಬೇರೆಯಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಸಮ್ಮೇಳನದ ಬೆಲೆಯೆಲ್ಲ ಇದರಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ.

ಈಗ ಸಮ್ಮೇಳನದ ಒಳಗೆ ಹೋಗೋಣ. ಯಾವುದೇ ಉದ್ಯಮ ಸಮ್ಮೇಳನದಲ್ಲಿ ಒಂದು ವೇದಿಕೆ ಇರುತ್ತದೆ, ಅಲ್ಲಿ ಭಾಷಣಗಳು. ಒಂದು ಮಳಿಗೆಗಳ ಸಾಲು ಇರುತ್ತದೆ, ಅಲ್ಲಿ ಕಂಪನಿಗಳು ತಮ್ಮ ಸರಕನ್ನು ತೋರಿಸುತ್ತವೆ. ಇವೆರಡರ ನಡುವೆ ಚಹಾ ಕೊಡುವ ಜಾಗ, ಮೆಟ್ಟಿಲು, ಊಟದ ಸಾಲು. ಹೊಸಬರು ವೇದಿಕೆಗಾಗಿ ಹಣ ಕೊಡುತ್ತಾರೆ. ಆದರೆ ಅನೇಕ ಒಳ್ಳೆಯ ಸಮ್ಮೇಳನಗಳು ಭಾಷಣದ ವಿಡಿಯೊವನ್ನು ಕೆಲವೇ ವಾರಗಳಲ್ಲಿ ಉಚಿತವಾಗಿ ಹಾಕಿಬಿಡುತ್ತವೆ. ಅದನ್ನು ಮನೆಯಲ್ಲಿ ಕುಳಿತು, ನಿಲ್ಲಿಸಿ ನಿಲ್ಲಿಸಿ, ಅರ್ಥವಾಗದ್ದನ್ನು ಹಿಂದಕ್ಕೆ ತಿರುಗಿಸಿ ನೋಡುವುದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವುದಕ್ಕಿಂತ ಮೇಲು. ಭಾಷಣ ಕೇಳುವುದಕ್ಕೆಂದೇ ಪ್ರಯಾಣ ಮಾಡಬೇಡಿ.

ಮಳಿಗೆಗಳ ವಿಷಯ ಇನ್ನಷ್ಟು ಎಚ್ಚರದ್ದು. ಹೋಸ್ಟಿಂಗ್ ಉದ್ಯಮಕ್ಕೆಂದೇ ಹೋಸ್ಟಿಂಗ್‌ಕಾನ್ ಎಂಬ ಸಮ್ಮೇಳನ 2005ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 2014ರ ಡಿಸೆಂಬರಿನಲ್ಲಿ ಅದರ ಭಾರತದ ಆವೃತ್ತಿ ಮುಂಬೈಯಲ್ಲಿ ನಡೆಯಿತು. ಇಂಥ ಕಡೆ ಮಳಿಗೆ ಹಾಕುವವರು ಯಾರು? ಡೇಟಾ ಸೆಂಟರಿನವರು, ಕಂಟ್ರೋಲ್ ಪ್ಯಾನೆಲ್ಲಿನವರು, ಡೊಮೇನ್ ಹೆಸರುಗಳನ್ನು, ಅಂದರೆ ವೆಬ್‌ಸೈಟಿನ ವಿಳಾಸಗಳನ್ನು, ಸಗಟಾಗಿ ಮಾರುವವರು. ಅವರು ಮಾರಲು ಬಂದಿರುವುದು ಯಾರಿಗೆ? ನಿಮಗೆ. ಅಂದರೆ ಆ ಸಭಾಂಗಣದಲ್ಲಿ ಗಿರಾಕಿ ನೀವೇ. ನಿಮ್ಮ ಗಿರಾಕಿಯಾದ ವಾಸ್ಕೋದ ಅಂಗಡಿಯವರು ಅಲ್ಲಿಗೆ ಕಾಲಿಡುವುದಿಲ್ಲ. 'ಕಾನ್ಫರೆನ್ಸಿಗೆ ಹೋದರೆ ವ್ಯಾಪಾರ ಬೆಳೆಯುತ್ತದೆ' ಎಂಬ ಮಾತು ಇಲ್ಲೇ ಕುಸಿಯುತ್ತದೆ. ಯಾರ ವ್ಯಾಪಾರ ಎಂದು ಕೇಳಿಕೊಳ್ಳಬೇಕು.

ಇಂಥ ಮೇಳಗಳು ಸ್ಥಿರವೂ ಅಲ್ಲ. ಹೋಸ್ಟಿಂಗ್‌ಕಾನ್ ಈಗ ಇಲ್ಲ. ಜರ್ಮನಿಯ ರುಸ್ಟ್ ಎಂಬ ಊರಿನ ಯೂರೋಪಾ ಪಾರ್ಕ್ ಎಂಬ ಮನರಂಜನಾ ಉದ್ಯಾನದಲ್ಲಿ ಪ್ರತಿವರ್ಷ ನಡೆಯುವ ಈ ಉದ್ಯಮದ ದೊಡ್ಡ ಮೇಳವೂ ಮೊದಲಿನ 'ವರ್ಲ್ಡ್ ಹೋಸ್ಟಿಂಗ್ ಡೇಸ್' ಎಂಬ ಹೆಸರನ್ನು ಬಿಟ್ಟು 'ಕ್ಲೌಡ್‌ಫೆಸ್ಟ್' ಆಗಿದೆ. ಸಣ್ಣ ಕಂಪನಿಗಳನ್ನು ದೊಡ್ಡವು ಕೊಳ್ಳುತ್ತ ಬಂದ ಉದ್ಯಮ ಇದು. ಭಾರತದ ರೀಸೆಲ್ಲರುಗಳಿಗೆಲ್ಲ ಪರಿಚಿತವಾದ ರೀಸೆಲ್ಲರ್‌ಕ್ಲಬ್ ಮುಂಬೈಯ ಡೈರೆಕ್ಟಿ ಸಮೂಹದಲ್ಲಿ ಬೆಳೆದು, 2014ರಲ್ಲಿ ಅಮೆರಿಕದ ಎಂಡ್ಯೂರೆನ್ಸ್ ಕಂಪನಿಯ ಪಾಲಾಯಿತು. ಮೇಳಗಳ ಹೆಸರು ಬದಲಾಗುವುದೂ, ಮೇಳಗಳೇ ನಿಲ್ಲುವುದೂ ಇದರ ಜೊತೆಜೊತೆಗೇ ನಡೆದಿದೆ.

ಹಣದ ಲೆಕ್ಕಕ್ಕೆ ಬರೋಣ. ಉದಾಹರಣೆಗೆಂದು ಕೆಲವು ಅಂಕಿ ಹಿಡಿಯುತ್ತೇನೆ, ನೀವು ನಿಮ್ಮದನ್ನು ಹಾಕಿಕೊಳ್ಳಿ. ನಿಮಗೆ 60 ಗಿರಾಕಿಗಳು. ಒಬ್ಬೊಬ್ಬರಿಂದ ವರ್ಷಕ್ಕೆ 2,500 ರೂಪಾಯಿ. ಸರ್ವರಿನ ಬಾಡಿಗೆ, ಲೈಸೆನ್ಸ್, ಡೊಮೇನ್ ಖರ್ಚು ಎಲ್ಲ ಸೇರಿ ಗಿರಾಕಿಗೆ 1,300 ಹೋದರೆ ಉಳಿಯುವುದು 1,200. ಅರವತ್ತು ಜನರಿಂದ ವರ್ಷಕ್ಕೆ 72,000. ಮಡಗಾಂವ್‌ನಿಂದ ಕೊಂಕಣಕನ್ಯಾ ರೈಲು ಹತ್ತಿ ಮುಂಬೈಗೆ ಹೋಗಿ, ಎರಡು ರಾತ್ರಿ ತಂಗಿ, ಪ್ರವೇಶ ಶುಲ್ಕ ಕಟ್ಟಿ ಬರಲು 12,000 ಆಯಿತೆನ್ನಿ. ಹತ್ತು ಗಿರಾಕಿಗಳು ವರ್ಷವಿಡೀ ಕೊಟ್ಟ ಲಾಭ ಒಂದು ಪ್ರವಾಸಕ್ಕೆ ಹೋಯಿತು. ಜರ್ಮನಿಗೆ ಹೊರಟರೆ ವೀಸಾ, ವಿಮಾನ, ವಸತಿ ಸೇರಿ ಇಡೀ ವರ್ಷದ ಉಳಿತಾಯವೇ ಖಾಲಿಯಾಗಬಹುದು. ಆ ಪ್ರವಾಸದಿಂದ ಹೊಸ ಹತ್ತು ಗಿರಾಕಿಗಳು ಬರುವುದಿಲ್ಲವೆಂಬುದನ್ನು ಮೇಲೆಯೇ ನೋಡಿದೆವು. ಹಾಗಾದರೆ ಅದು ಇನ್ನಾವುದನ್ನು ಕೊಟ್ಟು ತನ್ನ ಖರ್ಚನ್ನು ಸರಿದೂಗಿಸಬೇಕು?

ಆಪತ್ತಿನಲ್ಲಿ ಉಳಿಸಿಕೊಟ್ಟು. ಎರಡು ಸಂಗತಿ ಹೇಳುತ್ತೇನೆ.

2021ರ ಮಾರ್ಚ್ 10ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಎಂಬ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡ ಸುಟ್ಟು ಹೋಯಿತು. ಅಲ್ಲಿ ಸರ್ವರ್ ಇಟ್ಟಿದ್ದ ಸಣ್ಣವರಲ್ಲಿ ಅನೇಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ವೆಬ್‌ಸೈಟೂ ಹೋಯಿತು, ನಕಲೂ ಹೋಯಿತು. 'ಬ್ಯಾಕಪ್ ಸೌಲಭ್ಯ ಇದೆ' ಎಂದು ಜಾಹೀರಾತಿನಲ್ಲಿ ಓದಿದ್ದವರು ಅದು ಯಾವ ಕಟ್ಟಡದಲ್ಲಿದೆ ಎಂದು ಕೇಳಿರಲಿಲ್ಲ. ನಿಮಗೆ ಸರ್ವರ್ ಕೊಡುವ ಕಂಪನಿಯ ಎಂಜಿನಿಯರ್ ಮಳಿಗೆಯಲ್ಲಿ ನಿಂತಿದ್ದರೆ ಕೇಳಬೇಕಾದ ಪ್ರಶ್ನೆ ಇದು. ಮಾರಾಟದವರನ್ನು ಕೇಳಿದರೆ ಬಣ್ಣದ ಹಾಳೆ ಕೊಡುತ್ತಾರೆ. ಎಂಜಿನಿಯರನ್ನು ಕೇಳಿದರೆ ಊರಿನ ಹೆಸರು ಹೇಳುತ್ತಾರೆ, ಅಥವಾ ತಡವರಿಸುತ್ತಾರೆ. ಎರಡೂ ಉತ್ತರವೇ.

ಎರಡನೆಯದು ನಮ್ಮ ದೇಶದ ನಿಯಮ. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್. ಅದು 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ, ಹ್ಯಾಕಿಂಗ್‌ನಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು, ಅಂದರೆ ಸರ್ವರಿನಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯನ್ನು, 180 ದಿನ ಇಟ್ಟಿರಬೇಕು. ಡೇಟಾ ಸೆಂಟರ್, ಕ್ಲೌಡ್ ಸೇವೆ, ವಿಪಿಎಸ್ ಕೊಡುವವರು ಗಿರಾಕಿಗಳ ವಿವರವನ್ನು ಐದು ವರ್ಷ ಕಾಯ್ದಿರಿಸಬೇಕು. ವಿಪಿಎಸ್ ಎಂದರೆ ಒಂದೇ ಸರ್ವರನ್ನು ತಂತ್ರಾಂಶದ ಗೋಡೆಗಳಿಂದ ಭಾಗ ಮಾಡಿ, ಒಂದೊಂದು ಭಾಗವನ್ನೂ ಸ್ವತಂತ್ರ ಸರ್ವರಿನಂತೆ ಕೊಡುವುದು. ನಿರ್ದೇಶನದ ಪಠ್ಯ ಯಾರಿಗಾದರೂ ಸಿಗುತ್ತದೆ, ಅದಕ್ಕೆ ಸಮ್ಮೇಳನ ಬೇಡ. ಆದರೆ ಒಬ್ಬರೇ ನಡೆಸುವ ವ್ಯವಹಾರದಲ್ಲಿ ಆರು ಗಂಟೆಯ ಗಡುವನ್ನು ರಾತ್ರಿ ಹೊತ್ತು ಹೇಗೆ ಪಾಲಿಸುತ್ತೀರಿ? 180 ದಿನದ ಲಾಗ್‌ಗಳನ್ನು ಕಡಿಮೆ ಖರ್ಚಿನಲ್ಲಿ ಎಲ್ಲಿ ಇಡುತ್ತೀರಿ? ನಿಮ್ಮಷ್ಟೇ ಸಣ್ಣವರಾದ ಇನ್ನೊಬ್ಬರು ಏನು ಮಾಡಿಕೊಂಡಿದ್ದಾರೆ ಎಂಬುದು ಯಾವ ಪಠ್ಯದಲ್ಲೂ ಇರುವುದಿಲ್ಲ. ಅದು ಊಟದ ಸಾಲಿನಲ್ಲಿ ಸಿಗುತ್ತದೆ.

ಹೀಗಾಗಿ ನಿಮಗೆ ಬೇಕಾದದ್ದು ಮಾರುವವರ ಮೇಳವಲ್ಲ, ಕೆಲಸ ಮಾಡುವವರ ಕೂಟ. ಅದೃಷ್ಟಕ್ಕೆ ಅಂಥವು ಹತ್ತಿರದಲ್ಲೇ ನಡೆಯುತ್ತವೆ, ಕೆಲವು ಅಗ್ಗವೂ ಹೌದು.

ವರ್ಡ್‌ಪ್ರೆಸ್ ಎಂಬುದು ವೆಬ್‌ಸೈಟ್ ಕಟ್ಟುವ ಉಚಿತ ತಂತ್ರಾಂಶ. ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚಿನವು ಅದರ ಮೇಲಿವೆ, ನಿಮ್ಮ ಗಿರಾಕಿಗಳದ್ದೂ ಬಹುಶಃ ಅದರ ಮೇಲೇ. ಅದನ್ನು ಬಳಸುವವರು ಊರೂರಲ್ಲಿ ನಡೆಸುವ ಕೂಟಕ್ಕೆ ವರ್ಡ್‌ಕ್ಯಾಂಪ್ ಎಂದು ಹೆಸರು. ಸ್ವಯಂಸೇವಕರೇ ನಡೆಸುತ್ತಾರೆ, ಪ್ರಾಯೋಜಕರು ಖರ್ಚು ಹೊರುವುದರಿಂದ ಟಿಕೆಟ್ ದರ ಬೇಕೆಂದೇ ಕಡಿಮೆ. ಏಷ್ಯಾ ಮಟ್ಟದ ವರ್ಡ್‌ಕ್ಯಾಂಪ್ ಬ್ಯಾಂಕಾಕ್, ತೈಪೆ, ಮನಿಲಾಗಳ ನಂತರ 2026ಕ್ಕೆ ಆರಿಸಿಕೊಂಡ ಊರು ಮುಂಬೈ. ನಾನು ಹೊಸಬರನ್ನು ಮೊದಲು ಕಳಿಸುವುದು ಇಂಥ ಕೂಟಕ್ಕೇ. ಏಕೆಂದರೆ ಅಲ್ಲಿಗೆ ವೆಬ್‌ಸೈಟ್ ಮಾಡುವ ಡಿಸೈನರುಗಳೂ ಬರುತ್ತಾರೆ. ಅವರಿಗೆ ಸರ್ವರ್ ನೋಡಿಕೊಳ್ಳುವವರು ಬೇಕು, ನಿಮಗೆ ಗಿರಾಕಿಗಳು ಬೇಕು. ಗಿರಾಕಿ ಸಿಗುವ ಸಾಧ್ಯತೆ ಇರುವ ತಾಂತ್ರಿಕ ಕೂಟವೆಂದರೆ ಇದೊಂದೇ ಎಂದರೂ ಸಲ್ಲುತ್ತದೆ.

ಬೆಂಗಳೂರಿನಲ್ಲಿ ಹ್ಯಾಸ್‌ಗೀಕ್ ಸಂಸ್ಥೆ ನಡೆಸುವ ರೂಟ್‌ಕಾನ್ಫ್ ಸರ್ವರುಗಳನ್ನು ನಡೆಸುವವರ ಸಭೆ. ಫಾಸ್ ಯುನೈಟೆಡ್‌ನವರ ಇಂಡಿಯಾಫಾಸ್ ಮುಕ್ತ ತಂತ್ರಾಂಶದವರದು. ವಾಸ್ಕೋದಿಂದ ಹುಬ್ಬಳ್ಳಿ ಮೇಲೆ ಯಶವಂತಪುರಕ್ಕೆ ಹೋಗುವ ರೈಲು ನಿಮ್ಮ ಮನೆಯವರಿಗೆಲ್ಲ ಪರಿಚಿತವೇ. ಅಲ್ಲಿ ಇನ್ನೊಂದು ಅನುಕೂಲ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿದು ಮೂಲೆಯಲ್ಲಿ ನಿಲ್ಲುವ ಹುಡುಗ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ. ವೇದಿಕೆಯ ಭಾಷೆ ಯಾವುದೇ ಇರಲಿ, ಬೆಂಗಳೂರಿನ ಚಹಾದ ಸಾಲಿನಲ್ಲಿ 'ಕನ್ನಡದವರಾ?' ಎಂದು ಕೇಳಿದರೆ ಹೌದೆನ್ನುವ ಒಬ್ಬರಾದರೂ ಸಿಗುತ್ತಾರೆ. ಮಾತು ಅಲ್ಲಿಂದ ಶುರುಮಾಡಿ.

ಗೋವಾದಲ್ಲೇ ಇರುವುದು ನಲ್‌ಕಾನ್. 'ನಲ್' ಎಂಬ ಸೈಬರ್ ಸುರಕ್ಷತೆಯ ಬಳಗ 2010ರಲ್ಲಿ ಗೋವಾದಲ್ಲಿ ಆರಂಭಿಸಿದ ಈ ಸಮ್ಮೇಳನ ಇಂದು ದೇಶದ ಹೆಸರಾಂತ ಭದ್ರತಾ ಸಮ್ಮೇಳನಗಳಲ್ಲಿ ಒಂದು. 2013ರ ಆವೃತ್ತಿ ನಡೆದದ್ದು ಬೋಗ್ಮಾಳೊ ಕಡಲತೀರದ ರೆಸಾರ್ಟಿನಲ್ಲಿ, ಝುವಾರಿನಗರದಿಂದ ಬೈಕಿನಲ್ಲಿ ಹೋಗಿ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರ. ವಸತಿ, ರೈಲಿನ ಖರ್ಚು ಉಳಿಯಿತು ಎಂದು ಹಿಗ್ಗಬೇಡಿ, ಅದರ ಟಿಕೆಟ್ ಸಣ್ಣವರಿಗೆ ಭಾರವೇ. ಅಲ್ಲಿ ನಡೆಯುವ ಚರ್ಚೆಯಲ್ಲಿ ಹೆಚ್ಚಿನದು ಮೊದಲ ವರ್ಷದವರ ತಲೆಯ ಮೇಲಿಂದ ಹಾದುಹೋಗುತ್ತದೆ. ಅದೇ ಬಳಗ ಹಲವು ನಗರಗಳಲ್ಲಿ ತಿಂಗಳಿಗೊಮ್ಮೆ ಉಚಿತ ಕೂಟ ನಡೆಸುತ್ತದೆ. ಊರಿಗೆ ಹೋಗುವಾಗ ಬೆಂಗಳೂರಿನ ಕೆಲಸ ಬಿದ್ದರೆ ಅದರ ದಿನ ನೋಡಿಕೊಂಡು ಹೋಗಿ. ಸಾಕು.

ಇನ್ನೂ ಒಂದು ಬಗೆಯುಂಟು, ಮಾರಾಟಕ್ಕೂ ದುರಸ್ತಿಗೂ ಸಂಬಂಧಿಸದ್ದು: ಇಂಟರ್ನೆಟ್ಟಿನ ಹೆಸರು ಮತ್ತು ನಿಯಮಗಳನ್ನು ತೀರ್ಮಾನಿಸುವ ಸಭೆಗಳು. ಡೊಮೇನ್ ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಸಭೆ 2016ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಸೇರಿತ್ತು. ಇದರ ಸಭೆಗಳಿಗೆ ಪ್ರವೇಶ ಶುಲ್ಕವಿಲ್ಲ, ಆನ್‌ಲೈನಿನಲ್ಲೂ ಕೂರಬಹುದು, ಹೊಸಬರ ಪ್ರಯಾಣದ ಖರ್ಚು ಕೊಡುವ ಫೆಲೋಶಿಪ್ ಕೂಡ ಇದೆ. ಇಲ್ಲಿ ನೀವು ಬರೀ ಕೇಳುವವರಲ್ಲ. ಕನ್ನಡ ಲಿಪಿಯಲ್ಲೇ '.ಭಾರತ' ಎಂದು ಮುಗಿಯುವ ಡೊಮೇನ್ ಹೆಸರು ಪಡೆಯಬಹುದು. ಆದರೆ ಅಂಥ ವಿಳಾಸವನ್ನೋ ಇಮೇಲನ್ನೋ ಅನೇಕ ತಂತ್ರಾಂಶಗಳು ಇಂದಿಗೂ ತಪ್ಪು ಎಂದು ತಿರಸ್ಕರಿಸುತ್ತವೆ. ಎಲ್ಲ ಲಿಪಿಯ ಹೆಸರುಗಳೂ ಎಲ್ಲೆಡೆ ನಡೆಯಬೇಕೆಂಬ ಪ್ರಯತ್ನದ ಮೊದಲ ಜಾಗತಿಕ ದಿನಾಚರಣೆ 2023ರ ಮಾರ್ಚ್ 28ರಂದು ದೆಹಲಿಯಲ್ಲಿ ನಡೆಯಿತು. ಕನ್ನಡದ ಹೆಸರು ಯಾವ ಪ್ಯಾನೆಲ್ಲಿನಲ್ಲಿ ಕೆಡುತ್ತದೆ, ಯಾವುದರಲ್ಲಿ ನಡೆಯುತ್ತದೆ ಎಂದು ಸ್ವತಃ ಪರೀಕ್ಷಿಸಿ ಬಂದವರ ಮಾತಿಗೆ ಅಲ್ಲಿ ಬೆಲೆ ಇದೆ.

ಎಲ್ಲಿಗೇ ಹೋಗಿ, ಕೈಯಲ್ಲಿ ಪ್ರಶ್ನೆ ಇಟ್ಟುಕೊಂಡು ಹೋಗಿ. 'ಹೊಸದೇನಿದೆ?' ಎಂಬುದು ಪ್ರಶ್ನೆಯಲ್ಲ. 'ಗಿರಾಕಿಯೊಬ್ಬರ ವೆಬ್‌ಸೈಟ್ ಹ್ಯಾಕ್ ಆಗಿ ಅದರಿಂದ ಕಸದ ಇಮೇಲ್ ಹೊರಟು, ಇಡೀ ಸರ್ವರಿನ ಇಮೇಲನ್ನು ಬೇರೆಯವರು ತಡೆಹಿಡಿದರೆ ನೀವು ಮೊದಲು ಏನು ಮಾಡುತ್ತೀರಿ?' ಎಂಬುದು ಪ್ರಶ್ನೆ. ಇದನ್ನು ಕೇಳಿದೊಡನೆ ಅನುಭವಸ್ಥರ ಮುಖ ಅರಳುತ್ತದೆ, ಕಥೆ ಹೊರಬರುತ್ತದೆ. ಕೊನೆಗೆ ನಂಬರ್ ಕೇಳಿ ಪಡೆಯಿರಿ. ಊರಿಗೆ ಮರಳಿದ ವಾರದಲ್ಲೇ ಒಂದು ಸಂದೇಶ ಕಳಿಸಿ, ಅವರು ಹೇಳಿದ್ದನ್ನು ಮಾಡಿ ನೋಡಿದ ಫಲ ತಿಳಿಸಿ. ವಿಸಿಟಿಂಗ್ ಕಾರ್ಡ್ ಹಂಚುವುದಕ್ಕಿಂತ ಇದು ಹತ್ತು ಪಾಲು ಮೇಲು.

ಹೊರಡುವ ಮುನ್ನ ಇನ್ನೊಂದು ಏರ್ಪಾಡು. ನೀವು ಒಬ್ಬರೇ ನಡೆಸುವವರು. ಕುಳೇಂ ದಾಟಿ ಕ್ಯಾಸಲ್‌ರಾಕ್ ಘಟ್ಟ ಹತ್ತುವಾಗ ಸುರಂಗಗಳ ಸಾಲಿನಲ್ಲಿ ಫೋನಿನ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆ ಹೊತ್ತಿನಲ್ಲೇ ಗೆಸ್ಟ್‌ಹೌಸಿನ ಬುಕಿಂಗ್ ಪುಟ ನಿಂತರೆ ಗಿರಾಕಿ ಯಾರಿಗೆ ಫೋನ್ ಮಾಡಬೇಕು? ಪ್ರವಾಸಿಗರ ಸುಗ್ಗಿಯಾದ ಡಿಸೆಂಬರ್ ಕೊನೆಯ ವಾರಗಳಲ್ಲಿ ಗೋವಾದ ಹೋಸ್ಟಿಂಗಿನವರು ಊರು ಬಿಡಬಾರದು ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ, ಸಮ್ಮೇಳನ ಎಷ್ಟೇ ದೊಡ್ಡದಿರಲಿ.

ಗಿರಾಕಿಗಳನ್ನು ಹುಡುಕುವ ಖರ್ಚನ್ನು ಇದರ ಜೊತೆ ಬೆರೆಸಬೇಡಿ. ಅದು ಬೇರೆ ಖಾತೆ. ಪಣಜಿಯಲ್ಲಿ 1908ರಿಂದ ಇರುವ ಗೋವಾ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯ ಕಾರ್ಯಕ್ರಮ, ವಾಸ್ಕೋದ ವ್ಯಾಪಾರಿಗಳ ಸಭೆ, ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವ, ಇವುಗಳಲ್ಲಿ ಹೋಟೆಲಿನವರು, ಗುತ್ತಿಗೆದಾರರು, ಟ್ರಾವೆಲ್ಸ್‌ನವರು ಸಿಗುತ್ತಾರೆ. ಬಸ್ಸಿನ ಚಾರ್ಜಿನಲ್ಲಿ ಮುಗಿಯುವ ಈ ಓಡಾಟವನ್ನು ಬಿಟ್ಟು ಗಿರಾಕಿಗಾಗಿ ಮುಂಬೈಗೆ ಹೋಗುವುದು ನನಗೆ ಸರಿಕಾಣದು.

ಮೊದಲ ವರ್ಷ ಎಲ್ಲಿಗೂ ಹೋಗಲು ಆಗದಿದ್ದರೆ, ವಾಸ್ಕೋ, ಮಡಗಾಂವ್, ಪೊಂಡಾದಲ್ಲಿ ಇದೇ ಕೆಲಸ ಮಾಡುವ ಐದಾರು ಜನರನ್ನು ಹುಡುಕಿ, ತಿಂಗಳಿಗೊಂದು ಭಾನುವಾರ ಒಂದು ಹೋಟೆಲಿನಲ್ಲಿ ಕೂಡಿ. ಪೈಪೋಟಿಯ ಭಯ ಬೇಡ, ನಿಮ್ಮ ಗಿರಾಕಿ ಅವರ ಕಡೆ ಹೋಗುವುದಿದ್ದರೆ ನೀವು ಭೇಟಿಯಾಗದಿದ್ದರೂ ಹೋಗುತ್ತಾನೆ. ಮೊದಲ ಭಾನುವಾರಕ್ಕೆ ಒಂದೇ ವಿಷಯ ಸಾಕು: ಒಬ್ಬರು ರೈಲಿನಲ್ಲಿದ್ದಾಗ ಅವರ ಗಿರಾಕಿಗಳ ಫೋನನ್ನು ಇನ್ನೊಬ್ಬರು ಎತ್ತುವ ಏರ್ಪಾಡು, ಅದಕ್ಕೆ ಬೇಕಾದ ಪಾಸ್‌ವರ್ಡ್‌ಗಳನ್ನು ಯಾರ ಬಳಿ ಹೇಗೆ ಇಡಬೇಕು, ಮತ್ತು ಆ ರಾತ್ರಿಯ ಕೆಲಸಕ್ಕೆ ಪರಸ್ಪರ ಎಷ್ಟು ಕೊಡಬೇಕು. ಕೊನೆಯದನ್ನು ಬರವಣಿಗೆಯಲ್ಲಿ ಇಡಿ.